ಆಪಾ ಹೇಳಿದ ದೊಡ್ಡ ಕೋರ್ಸು

ಕಳೆದ ವಾರ ಆಫೀಸಿನ ಗೆಳತಿಯೊಬ್ಬಳು ಮಗಳಿಗೆಂದು ಕೊಂಡ ಚನ್ನಪಟ್ಟಣದ ಬುಗುರಿಯನ್ನು ನನ್ನ ಮೇಜಿನ ಮೇಲಿಟ್ಟಳು. ಹೊಸ ಅರಗಿನ ವಾಸನೆ ಮೂಗಿಗೆ ತಾಕಿದ್ದೇ ತಡ, ಆಪಾ ನೆನಪಾದರು…

ಪಿಯುಸಿ ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಚನ್ನಪಟ್ಟಣದಲ್ಲಿದ್ದ ಅವರ ಗೊಂಬೆ ಅಂಗಡಿಗೆ. ಆಪಾ ಎಂದರೆ ಉರ್ದುವಿನಲ್ಲಿ ಅಕ್ಕ; ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಬೈರಾಪಟ್ಟಣದಿಂದ ಬೆಳಗಿನ ಬಸ್ಸಿಗೆ ಬಂದು ಬಿಲ್ಲು ಬರೆಯುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಆಪಾ ಒಬ್ಬರೇ ನಡೆಸುತ್ತಿದ್ದರು. ಗಿರಾಕಿಗಳ ಮುಂದೆ ಗಟ್ಟಿ ಗಂಟಲು. ಮಧ್ಯಾಹ್ನವಾದರೆ ನನ್ನ ಡಬ್ಬಿಯ ಮುದ್ದೆ, ಉಪ್ಸಾರನ್ನು ತಾವು ಎಳೆದುಕೊಂಡು ತಮ್ಮ ಚಪಾತಿಯನ್ನು ನನ್ನತ್ತ ತಳ್ಳುತ್ತಿದ್ದರು.

ಲೆಕ್ಕಪತ್ರದ ಕೋರ್ಸು ಮಾಡುವ ಆಸೆ ನನಗೆ ಹುಟ್ಟಿದ್ದು ಅಲ್ಲೇ. ಬಸ್ ಸ್ಟ್ಯಾಂಡ್ ಹತ್ತಿರ ಸಂಜೆ ಹೊತ್ತು ಮೂರು ತಿಂಗಳ ಕಂಪ್ಯೂಟರ್ ಲೆಕ್ಕದ ಕೋರ್ಸಿತ್ತು. ರಾಮನಗರದಲ್ಲಿ ಎರಡು ವರ್ಷದ ಡಿಪ್ಲೊಮಾ. ಅದಕ್ಕೆ ಸೇರಿದರೆ ಮಧ್ಯಾಹ್ನದವರೆಗೂ ಅಂಗಡಿಗೆ ಬರುವಂತಿಲ್ಲ. ಅಷ್ಟರಲ್ಲಿ ಕುದೂರಿನಿಂದ ನನಗೊಂದು ಸಂಬಂಧ ಬಂದಿತ್ತು.

"ಮೂರು ತಿಂಗಳದೇ ಸಾಕು ಕಣವ್ವ," ಎಂದರು ಅಪ್ಪ. ನಾನೂ ತಲೆಯಾಡಿಸಿದೆ. ಮರುದಿನ ಆಪಾಗೆ ಹೇಳಿದೆ.

ಶುಕ್ರವಾರ ಮಧ್ಯಾಹ್ನ ಅವರು ಅಂಗಡಿಗೆ ಬೀಗ ಹಾಕಿ, ಆಟೋದಲ್ಲಿ ನಮ್ಮ ಮನೆ ಬಾಗಿಲಿಗೇ ಬಂದಿಳಿದರು.

"ಸಣ್ಣ ಕೋರ್ಸಾದ್ರೆ ನಿಮ್ಗೇ ಒಳ್ಳೇದಲ್ವಾ ತಾಯಿ? ಅಂಗ್ಡಿ ಕೆಲ್ಸ ನಿಲ್ಲಾಕಿಲ್ಲ," ಎಂದರು ಅಪ್ಪ.

"ನಂಗೆ ಒಳ್ಳೇದು ಗೌಡ್ರೇ. ಇವಳಿಗೆ? ನನ್ನ ಅಂಗಡೀಲೇ ಕೂತು ಮುದುಕಿ ಆಗ್ಬೇಕಾ?"

"ಗಂಡಿನ ಕಡೇರ್ಗೆ ಏನಂತ ಹೇಳನ?"

"ಓದ್ತಾವ್ಳೆ ಅನ್ನಿ. ಕಾಯೋರು ಕಾಯ್ತಾರೆ."

ಕುದೂರಿನವರು ಕಾಯಲಿಲ್ಲ. ಅಪ್ಪ ಕೆಲವು ದಿನ ನನ್ನೊಡನೆ ಮಾತು ಬಿಟ್ಟರು. ಆಮೇಲೆ ಅವರೇ ರಾಮನಗರದ ಬಸ್ ಪಾಸಿಗೆ ಫೋಟೋ ತೆಗೆಸಲು ಕರೆದುಕೊಂಡು ಹೋದರು.

ಆ ಎರಡು ವರ್ಷ ಬೆಳಗಿನ ಬಿಲ್ಲುಗಳನ್ನು ಆಪಾ ತಾವೇ ಬರೆದರು. ಕನ್ನಡಕ ಹುಡುಕುವುದರೊಳಗೆ ಎಷ್ಟೋ ಗಿರಾಕಿಗಳು ಹೊರಟುಹೋಗುತ್ತಿದ್ದರಂತೆ… ನಾನು ಮಧ್ಯಾಹ್ನ ಓಡಿಬಂದರೆ, "ನಿಧಾನ ಬಾ, ಏನ್ ಬೆಂಕಿ ಬಿದ್ದೈತಾ?" ಎಂದು ಗದರುತ್ತಿದ್ದರು.

ಪಾಸಾದೆ. ರಾಮನಗರದ ಆಡಿಟರ್ ಒಬ್ಬರ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಕೊನೆಯ ದಿನ ಕಾಲಿಗೆ ಬೀಳಲು ಹೋದರೆ ಆಪಾ ತಡೆದರು. ನನ್ನ ಮುಖ ನೋಡದೆ, "ಹೋಗು, ಬಸ್ ಹೋಗ್ಬುಡ್ತದೆ," ಎಂದು ಗೊಂಬೆಗಳ ಧೂಳು ಒರೆಸತೊಡಗಿದರು.

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಈ ಭಾನುವಾರ ಮನಸ್ಸು ತಡೆಯದೆ ಅಂಗಡಿಗೆ ಹೋದೆ. ಗಲ್ಲಾದಲ್ಲಿ ಅವರ ಸೊಸೆ ಕೂತಿದ್ದಳು. ನನ್ನ ಊರಿನ ಹೆಸರು ಹೇಳಿದೊಡನೆ ಎದ್ದು ನಿಂತಳು.

"ಡಿಪ್ಲೊಮಾ ಹುಡ್ಗಿ ನೀವೇನಾ? ಅತ್ತೆ ಬಂದೋರ್ಗೆಲ್ಲ ನಿಮ್ದೇ ಹೇಳೋರು. ನಮ್ಮ ಹುಡ್ಗಿ ದೊಡ್ಡ ಆಫೀಸಲ್ಲವ್ಳೆ ಅಂತ."

ನನ್ನೆದುರು ಒಂದು ಸಲವೂ ಹೊಗಳಿದವರಲ್ಲ. ಯಾಕೆ ಆಪಾ, ಎಂದು ಕೇಳೋಣವೆಂದರೆ ಈಗ ಅವರಿಲ್ಲ.