ವರ್ಷತೊಡಕಿನ ದಿನ ಕರೆದ ಊಟ

ಅವತ್ತು ನಮ್ಮ ಅಂಗಳದಲ್ಲಿ ಯಾರ್‍ಯಾರಿದ್ದರು ಅಂತ ಮೊದಲು ಹೇಳಿಬಿಡುತ್ತೇನೆ. ಪಕ್ಕದ ಮನೆಯ ಅಕ್ಕ, ಅವಳ ಗಂಡ. ನನ್ನ ಯಜಮಾನರ ಸ್ಕೂಲಿನ ಜವಾನ, ಅವನ ಹೆಂಡತಿ. ಬೀದಿಯ ಇನ್ನೂ ಕೆಲವು ಮನೆಯವರು, ಮಕ್ಕಳು ಮರಿಗಳ ಸಮೇತ. ಮುತ್ತುಗದ ಎಲೆಯ ಕಟ್ಟು ಹಿಡಿದುಕೊಂಡು ಜಗಲಿಯ ಮೇಲೆ ಇವರು, ಅಂದರೆ ನನ್ನ ಯಜಮಾನರು. ಬಾಗಿಲಲ್ಲಿ ನಾನು. ಇಲ್ಲದವರೆಂದರೆ ಮನೆಯ ಒಡತಿ ಅಜ್ಜಿ ಒಬ್ಬರೇ. ಅವರು ಯುಗಾದಿಗೆಂದು ಮಾದಪ್ಪನ ಬೆಟ್ಟಕ್ಕೆ ಹೋಗಿದ್ದರು.

ಕನ್ನಡ ರಾಜ್ಯ ಒಂದಾದ ಮೇಲಿನ ಮಾತು ಇದು. ಮೇಷ್ಟರಾಗಿದ್ದ ಇವರಿಗೆ ಹನೂರಿನ ಸ್ಕೂಲಿಗೆ ವರ್ಗವಾಗಿತ್ತು. ಉಡುಪಿಯ ಕಡೆಯಿಂದ ಹನೂರಿಗೆ ಬರುವುದೆಂದರೆ ಆಗ ಪರದೇಶಕ್ಕೆ ಹೋದ ಹಾಗೇ. ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದು, ಕೊಳ್ಳೇಗಾಲ ಮುಟ್ಟುವಾಗ ಟ್ರಂಕಿನ ಮೇಲೆ ನಮ್ಮ ಹೆಸರು ಕಾಣದಷ್ಟು ಧೂಳು ಕೂತಿತ್ತು. ಇಲ್ಲಿ ನೋಡಿದರೆ ಮಾತೇ ಬೇರೆ. ನಾನು 'ಎಂತ ಮಾಡುವುದು' ಅಂದರೆ ಬೀದಿಯೇ ನಗುತ್ತಿತ್ತು. ಅಜ್ಜಿಯ ಜಗಲಿಯಲ್ಲಿ ಕೂತು, ಅಲ್ಲಿಗೆ ಎಲೆಅಡಿಕೆಗೆ ಬರುವ ಹಿರಿಯರ ಬಾಯಿ ನೋಡುತ್ತಾ ನೋಡುತ್ತಾ ಈ ಊರಿನ ಮಾತು ಕಲಿತೆ.

ಅಜ್ಜಿ ತಮ್ಮ ಮನೆಯ ಅರ್ಧವನ್ನು ನಮಗೆ ಬಾಡಿಗೆಗೆ ಕೊಟ್ಟದ್ದು ಒಂದೇ ಮಾತಿನ ಮೇಲೆ. "ನೋಡವ್ವ, ನಮ್ದು ಲಿಂಗ ಕಟ್ಟಿದ ಮನೆ. ಬಾಡು ಗೀಡು ಒಳಿಕೆ ಬಂದ್ರೆ ಅವತ್ತೇ ಗಂಟು ಕಟ್ಟಬೇಕು." ಇವರು ನಕ್ಕು, ನಾವು ಮೊಟ್ಟೆಯನ್ನೂ ಮುಟ್ಟುವವರಲ್ಲ ಅಂದಿದ್ದರು. ಅದಕ್ಕೆ ಮೊದಲು ನಾವಿದ್ದದ್ದು ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಕೋಣೆಯಲ್ಲಿ. ಮಳೆ ಬಂದರೆ ಹಾಸಿಗೆ ಸುತ್ತಿಕೊಂಡು ಮೂಲೆಯಲ್ಲಿ ನಿಲ್ಲಬೇಕಿತ್ತು. ಹನೂರಿನಲ್ಲಿ ಬಾಡಿಗೆಗೆ ಬೇರೆ ಮನೆ ಇರಲಿಲ್ಲ. ಈ ಮನೆ ಕೈತಪ್ಪಿದರೆ ಮತ್ತೆ ಆ ಕೋಣೆಯೇ ಗತಿ.

ಹಬ್ಬ ಹತ್ತಿರವಾದಂತೆ ನನಗೆ ಊರಿನ ನೆನಪು ಜಾಸ್ತಿಯಾಯಿತು. ಅಲ್ಲಿ ಹಬ್ಬವೆಂದರೆ ಇಪ್ಪತ್ತು ಎಲೆ, ಇಲ್ಲಿ ಎರಡೇ. ಇಡೀ ಬೀದಿಯನ್ನು ಊಟಕ್ಕೆ ಕರೆಯಬೇಕು ಅನಿಸಿತು. ಅಷ್ಟು ಜನಕ್ಕೆ ನಾನೊಬ್ಬಳೇ ಬೇಯಿಸುವುದು ಆಗದ ಮಾತು. ಹಾಗಾಗಿ ಮನೆಮನೆಗೆ ಹೋಗಿ ಹೇಳಿಬಂದೆ: "ಯುಗಾದಿಯ ದಿನ ನಿಮ್ಮ ನಿಮ್ಮ ಮನೆಯಲ್ಲಿ ಹಬ್ಬ ಮಾಡಿ. ಮಾರನೆಯ ದಿನ ಎಲ್ಲರೂ ಒಂದೊಂದು ಪಾತ್ರೆ ಅಡುಗೆ ಹಿಡಿದುಕೊಂಡು ನಮ್ಮ ಮನೆಗೆ ಬನ್ನಿ."

ಎಲ್ಲರೂ ನನ್ನ ಮುಖವನ್ನು ಒಂದು ಥರಾ ನೋಡಿದರು. ಆಮೇಲೆ ಖುಷಿಯಿಂದ ಒಪ್ಪಿದರು. ನಾನು ಅದನ್ನು ಪ್ರೀತಿ ಅಂದುಕೊಂಡೆ.

ಹೇಳಿದಂತೆ ಬಂದರು. ತಪ್ಪಲೆ, ಮಡಕೆ, ಬುಟ್ಟಿ, ಎಲ್ಲದರ ಮೇಲೂ ಬಾಳೆಎಲೆ ಮುಚ್ಚಿತ್ತು. ಅಕ್ಕ ಎಲ್ಲರಿಗಿಂತ ಮುಂದೆ.

"ಇಕಳವ್ವ, ನಾಟಿಕೋಳಿ ಸಾರು. ಆರೋಗೋಕೆ ಮುಂಚೆ ಒಳಿಕೆ ಮಡಗು."

ನಾನು ಬಾಗಿಲಿಗೆ ಅಡ್ಡವಾಗಿ ಎರಡೂ ಕೈ ಚಾಚಿಬಿಟ್ಟೆ. "ಕೋಳಿಯಾ?"

"ಊಂ ಕಣವ್ವ. ಜವಾನನೆಂಡ್ತಿ ಕುರಿ ಬಾಡು ತಂದವ್ಳೆ. ಆ ಬುಟ್ಟೀಲಿ ಹಿಟ್ಟಿನ ಮುದ್ದೆ ಅವೆ."

"ಅಕ್ಕಾ, ನಾವು ತಿನ್ನುವುದಿಲ್ಲ!"

ಜವಾನ ತಲೆ ಕೆರೆದುಕೊಂಡ. "ಸಮುದ್ರದ ಕಡೆಯೋರು ಅಂದ್ರೆ ಮೀನು ತಿಂತಾರೆ ಅಂದ್ಕಂಡಿದ್ವಿ ಸಾ," ಅಂದ ಇವರ ಕಡೆ ತಿರುಗಿ.

"ಎಲ್ಲರೂ ತಿನ್ನುವುದಿಲ್ಲ ಮಾರಾಯಾ," ಅಂದರು ಇವರು. ಎಲೆಯ ಕಟ್ಟು ಕೈಯಿಂದ ಜಾರಿ ಜಗಲಿಯ ಮೇಲೆ ಹರಡಿಕೊಂಡಿತು.

"ತಿನ್ನದೋಳು ವರ್ಷತೊಡಕಿನ ದಿನ ಯಾಕವ್ವ ಕರೆದೆ?" ಅಂದಳು ಅಕ್ಕ.

"ವರ್ಷತೊಡಕು ಅಂದರೆ?"

ಅವಳು ಬಿದ್ದು ಬಿದ್ದು ನಕ್ಕು ತಪ್ಪಲೆಯನ್ನು ಕೆಳಗಿಟ್ಟಳು. ಈ ಸೀಮೆಯಲ್ಲಿ ಯುಗಾದಿಯ ದಿನ ಬೇವುಬೆಲ್ಲ, ಒಬ್ಬಟ್ಟು. ಮಾರನೆಯ ದಿನ ಬಾಡೂಟ. ಅವತ್ತು ಹೊಟ್ಟೆ ತುಂಬ ಉಂಡರೆ ವರ್ಷವೆಲ್ಲ ಉಂಡ ಹಾಗೆ ಅಂತ ನಂಬಿಕೆ. ಅದನ್ನು ಕೈಬೆರಳು ಮಡಚಿ ಮಡಚಿ ನನಗೆ ಪಾಠ ಹೇಳಿದಳು. ಕೊನೆಗೆ ಅಂದಳು: "ಮುದುಕಿ ಬೆಟ್ಟಕ್ಕೋಗಿರೋ ದಿನಾನೇ ನೋಡಿ ಕರೆದವ್ಳೆ, ಎಂಥಾ ಚಾಲಾಕಿ ಹೆಣ್ಣು ಅಂತ ಬೀದಿಯೆಲ್ಲಾ ಮೆಚ್ಕಂಡಿತ್ತು ಕಣವ್ವ!"

ನನಗೆ ನಗುವೂ ಬಂತು, ಅಳುವೂ ಬಂತು. ಕರೆದವರನ್ನು ಪಾತ್ರೆ ಸಮೇತ ವಾಪಸು ಕಳಿಸುವುದು ಹೇಗೆ? ಒಳಗೆ ಬಿಟ್ಟುಕೊಂಡರೆ ಮನೆ ಹೋಗುತ್ತದೆ. ಅಜ್ಜಿ ಸಂಜೆಗೆ ಬರುವವರಿದ್ದರು.

ಅಕ್ಕನೇ ಸೆರಗು ಸಿಕ್ಕಿಸಿದಳು. "ಒಸ್ಲು ದಾಟಿಲ್ಲ ತಾನೇ? ಎತ್ರೀ ಪಾತ್ರೆಗಳ್ನ. ನಮ್ ಕಣಕ್ಕೋಗವ."

ಅವರ ಕಣ ಮನೆಗಳ ಹಿಂದೆಯೇ ಇತ್ತು. ಸುಗ್ಗಿ ಮುಗಿದು ಖಾಲಿಯಾಗಿತ್ತು. ಸಾಲಾಗಿ ಹೊರಟಿತು ನೋಡಿ ಮೆರವಣಿಗೆ! ಕೋಳಿ ಮುಂದೆ, ಕುರಿ ಹಿಂದೆ, ಎಲ್ಲಕ್ಕಿಂತ ಕೊನೆಗೆ ಹೆಸರುಬೇಳೆ ಪಾಯಸದ ಪಾತ್ರೆ ಹೊತ್ತ ಇವರು. ಬೀದಿಯ ನಾಯಿಗಳೂ ಕರೆಯದೆಯೇ ಸೇರಿಕೊಂಡವು. ಕಣದ ಈ ಕಡೆ ಅವರ ಸಾಲು. ಆ ಕಡೆ, ಹುಣಸೆಮರದ ಬುಡದಲ್ಲಿ, ನಮ್ಮ ಅನ್ನ, ಸಾರು, ಮಾವಿನಕಾಯಿ ಗೊಜ್ಜು. ನಾನು ಎರಡೂ ಕಡೆ ಓಡಾಡಿ ಪಾಯಸ ಬಡಿಸಿದೆ. ಬಾಡು ಉಂಡ ಬಾಯಲ್ಲೇ ಪಾಯಸ ಸುರಿದುಕೊಂಡು ಜವಾನ, "ಅವ್ವಾವ್ರೇ, ತೆಂಗಿನಾಲು ಆಕಿದ್ದೀರಾ? ಇನ್ನೊಂದ್ ಸೌಟು ಬುಡಿ" ಅಂದ.

ಅಷ್ಟರಲ್ಲಿ ಎಲ್ಲರೂ ನನ್ನ ಹಿಂದೆ ನೋಡಿದರು. ತಿರುಗಿ ನೋಡಿದರೆ ಕಣದ ಬದುವಿನ ಮೇಲೆ ಅಜ್ಜಿ. ಹಣೆಯ ತುಂಬ ವಿಭೂತಿ, ಕಂಕುಳಲ್ಲಿ ಗಂಟು. ಕೌದಳ್ಳಿಯಲ್ಲಿ ಲಾರಿ ಸಿಕ್ಕಿ ಬೇಗ ಬಂದಿದ್ದರು. ಮನೆಗೆ ಬೀಗ ಕಂಡು, ಗದ್ದಲ ಕೇಳಿ ಈ ಕಡೆ ಬಂದಿದ್ದರು.

"ಏನ್ಲಾ ಇದು?"

ಬಾಯಲ್ಲಿ ಮೂಳೆ ಇಟ್ಟುಕೊಂಡೇ ಜವಾನ ಎದ್ದು ನಿಂತ. ಅಕ್ಕ ಹೇಳಿದಳು: "ಈ ಅವ್ವನಿಗೆ ನಮ್ ಹಬ್ಬ ಗೊತ್ತಿರ್ನಿಲ್ಲ. ಬಾಡು ಅಂಗಳಗಂಟ ಬಂತು ಕಣಜ್ಜಿ. ಒಸ್ಲು ದಾಟ್ನಿಲ್ಲ. ಮಾದಪ್ಪನಾಣೆ."

"ಅಂಗಳ ನಂದಲ್ವಾ?"

ಬಸ್‌ಸ್ಟ್ಯಾಂಡಿನ ಕೋಣೆಯ ಸೋರುವ ಹೆಂಚು ನನ್ನ ಕಣ್ಣಿಗೆ ಕಟ್ಟಿತು. ಅಜ್ಜಿ ನನ್ನನ್ನೇ ನೋಡಿದರು. ಕೈಯಲ್ಲಿ ಸೌಟು, ಬೆವರಿಳಿದ ಮುಖ.

"ನೀನು ಉಂಡ್ಯಾ?"

"ಇಲ್ಲ ಅಜ್ಜಿ. ಬಡಿಸುತ್ತಿದ್ದೆ."

"ಬೆಳಗ್ಗೆಯಿಂದ?"

"ಕಾಫಿ ಕುಡಿದಿದ್ದೆ."

ಅಜ್ಜಿ ಸಾಲಿನ ಕಡೆ ತಿರುಗಿದರು. "ಕರೆದೋಳ್ನ ಅಸ್ದೊಟ್ಟೇಲಿ ನಿಲ್ಸಿ ಮುಕ್ಕುತ್ತಾ ಕುಂತಿದ್ದೀರಲ್ಲಾ, ನಾಚ್ಕೆ ಆಗಕ್ಕಿಲ್ವಾ? ಊರು ಬುಟ್ಟು ಬಂದಿರೋ ಹೆಣ್ಣು!" ಅಕ್ಕನ ಕಡೆ ಬೆರಳು ತೋರಿಸಿ, "ನೀನು ಬೇರೆ, ಊರಿಗೇ ಬುದ್ಧಿ ಹೇಳೋಳು."

"ನಾನಾಗ್ಲೇ ಕುಂತ್ಕ ಅಂದೆ ಕಣಜ್ಜಿ, ಕೇಳ್ನಿಲ್ಲ," ಅಂದಳು ಅಕ್ಕ ಮೆಲ್ಲಗೆ.

ಅಜ್ಜಿ ದೂರದಿಂದ ಸುತ್ತು ಹಾಕಿ ಹುಣಸೆಮರದ ಬುಡಕ್ಕೆ ಬಂದು ಕೂತರು. ನನ್ನ ಕೈಯಿಂದ ಸೌಟು ಕಿತ್ತುಕೊಂಡು ನನ್ನ ಎಲೆಗೆ ಅನ್ನ ಬಡಿಸಿದರು. ತಾವೂ ಒಂದೆಲೆ ಹಾಕಿಕೊಂಡರು. ಗೊಜ್ಜನ್ನು ನೆಕ್ಕಿ, "ಉಳಿ ಸಾಲ್ದು," ಅಂದರು. ಆದರೂ ಎರಡು ಸಲ ಹಾಕಿಸಿಕೊಂಡರು. ಮನೆಯ ಮಾತನ್ನು ಮಾತ್ರ ಎತ್ತಲಿಲ್ಲ. ಕೇಳಲು ನನಗೂ ಧೈರ್ಯ ಬರಲಿಲ್ಲ.

ಮಾರನೆಯ ಬೆಳಗ್ಗೆ ಬಾಗಿಲು ತೆಗೆದರೆ ಅಜ್ಜಿ ಆಗಲೇ ಬಗ್ಗಿ ಅಂಗಳಕ್ಕೆಲ್ಲ ಸಗಣಿ ಸಾರಿಸುತ್ತಿದ್ದರು. ನಾನು ಓಡಿಹೋಗಿ ಬಕೆಟ್ಟು ಹಿಡಿದೆ. ಬಿಡಲಿಲ್ಲ. ಸಾರಿಸಿ ಮುಗಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತು, "ಬಾಗಿಲಿಗೆ ರಂಗೋಲಿ ಬುಡು. ನಿಮ್ ಕಡೇದೇ ಬುಡು, ನೋಡವ," ಅಂದರು.

ಯಳಂದೂರಿಗೆ ವರ್ಗವಾಗುವವರೆಗೂ ನಾವು ಆ ಮನೆಯಲ್ಲೇ ಇದ್ದೆವು. ಮುಂದಿನ ಯುಗಾದಿಗೆ ಅಜ್ಜಿ ಬೆಟ್ಟದಿಂದ ಒಂದು ದಿನ ಮೊದಲೇ ಇಳಿದು ಬಂದರು. "ನಾಳೆ ಕಣದ ಊಟಕ್ಕೆ ಗೊಜ್ಜಿಗೆ ಉಳಿ ಜಾಸ್ತಿ ಆಕು," ಅಂದರು.