ಸ್ಟುಡಿಯೋ ಅಣ್ಣ ಕಾದ ಹೊಳೆ

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಾಲು ಕಾಯಿಸಿದೆ. ದೋಸೆಗೆ ನೆನೆಹಾಕಿದೆ. ಮನೆಯವರ ಅಂಗಿಗೆ ಗುಂಡಿ ಹೊಲಿದೆ. ಮಧ್ಯಾಹ್ನ, ಹುಳ ಹಿಡಿದಿದೆಯೇನೋ ಅಂತ ಅಟ್ಟದ ಮೇಲಿನ ಹಳೇ ಬಟ್ಟೆ ಗಂಟು ಇಳಿಸಿ ಬಿಸಿಲಿಗೆ ಹರಡುವಾಗ ಒಂದು ಚೀಲ ಸಿಕ್ಕಿತು. ಹಳೇ ಪ್ಯಾಂಟಿನ ಕಾಲು ಕತ್ತರಿಸಿ ನಾನೇ ಹೊಲಿದದ್ದು. ಮೂಗಿಗೆ ಹಿಡಿದೆ. ಒಣಹುಲ್ಲು, ಹೊಗೆ, ಕೆಂಪು ಧೂಳು... ಆಮೇಲೆ ಯಾವ ಕೆಲಸಕ್ಕೂ ಕೈ ಓಡಲಿಲ್ಲ.

ಚೀಲ ಪಕ್ಕದ ಮನೆ ಸ್ಟುಡಿಯೋ ಅಣ್ಣನದು. ಕಾಳು ತುಂಬಿ ಜೀಪಿನ ಕಿಟಕಿ ಮೇಲಿಟ್ಟರೆ ಕ್ಯಾಮೆರಾದ ಉದ್ದನೆಯ ಲೆನ್ಸು ಅಲುಗಾಡದೆ ಕೂರುತ್ತದೆ. ಲೆನ್ಸು ಕೂರುತ್ತಿತ್ತು, ಅಣ್ಣ ಕೂರುತ್ತಿರಲಿಲ್ಲ.

ಹೊಳೆನರಸೀಪುರದಲ್ಲಿ ನಮ್ಮ ಓರಗೆಯವರ ಮದುವೆ, ನಾಮಕರಣ ಎಲ್ಲ ಅವರ ಕ್ಯಾಮೆರಾದಲ್ಲೇ ಆದದ್ದು. ಇನ್ನೊಂದು ಕೆಲಸವೂ ಅವರ ಪಾಲಿಗಿತ್ತು. ಹೇಮಾವತಿಯಲ್ಲಿ ಯಾರಾದರೂ ಮುಳುಗಿ ಹೋದರೆ, ಹೆಣವನ್ನು ದಡಕ್ಕೆ ಎಳೆದ ಮೇಲೆ ಪೊಲೀಸಿನವರು ಅಣ್ಣನಿಗೇ ಹೇಳಿಕಳಿಸುತ್ತಿದ್ದರು. ಫೋಟೋ ತೆಗೆದು ಬಂದವರು ಹಿತ್ತಲ ನಲ್ಲಿಯಲ್ಲಿ ತಲೆಗೆ ನೀರು ಹುಯ್ದುಕೊಂಡೇ ಒಳಗೆ ಹೋಗುತ್ತಿದ್ದರು. ಆ ದಿನ ಅವರ ಮನೆಯಲ್ಲಿ ರೇಡಿಯೋ ಹಾಕುತ್ತಿರಲಿಲ್ಲ... ನಾವೂ ಏನೂ ಕೇಳುತ್ತಿರಲಿಲ್ಲ.

ಕೈಕೈಗೆ ಮೊಬೈಲು ಬಂದು ಸ್ಟುಡಿಯೋ ಸಪ್ಪಗಾದಾಗ ಅಣ್ಣನಿಗೆ ಆಫ್ರಿಕಾದ ಹುಚ್ಚು ಹಿಡಿಯಿತು. ಕೀನ್ಯಾದ ಕಾಡಿನಲ್ಲಿ ಸಾವಿರಗಟ್ಟಲೆ ಪ್ರಾಣಿ ಹೊಳೆ ದಾಟುತ್ತವಂತೆ, ಅದೊಂದು ತೆಗೆದುಬಿಡಬೇಕು. ಅವರ ಹೆಂಡತಿ, ನಾವೆಲ್ಲ ಅಕ್ಕ ಅನ್ನುವವರು, "ಊರ ಹೊಳೆ ಸಾಲ್ದು ಅಂತ ಅಲ್ಲಿಗೂ ಓಯ್ತೀರಾ? ನಾ ಬರಾಕಿಲ್ಲ" ಅಂದುಬಿಟ್ಟರು. ಆಗ ತಾನೇ ನಿವೃತ್ತರಾಗಿದ್ದ ನಮ್ಮ ಮನೆಯವರು ಜೊತೆಗೆ ಹೊರಟರು. ಅಡುಗೆಗೆ ಅಂತ ನಾನೂ ಹೊರಟೆ.

ತಿಂಗಳು ಪೂರ್ತಿ ಟೆಂಟಿನಲ್ಲಿದ್ದೆವು. ಬೆಳಗಾಗುವ ಮುಂಚೆ ಡಬ್ಬಿಗೆ ಒಗ್ಗರಣೆ ಅವಲಕ್ಕಿ ತುಂಬಿಕೊಂಡು ಜೀಪು ಹತ್ತುವುದು, ಹೊಳೆ ದಡದಲ್ಲಿ ಕಾಯುವುದು. ಎಮ್ಮೆ ಮೈ, ಆಡಿನ ಗಡ್ಡ, ಕುದುರೆ ಬಾಲದ ಆ ದನಗಳು ನೀರಿನವರೆಗೂ ಬರುತ್ತಿದ್ದವು, ಮೂಸುತ್ತಿದ್ದವು, ಏನೋ ಮರೆತು ಬಂದವರಂತೆ ವಾಪಸು ಹೋಗುತ್ತಿದ್ದವು.

"ಬೀಗರ ಊಟದ ಪಂಕ್ತಿ ಕಣಮ್ಮ ಇದು. ನೀವ್ ಕುಂತ್ಕಳಿ, ನೀವ್ ಕುಂತ್ಕಳಿ ಅಂತ ಒಬ್ರೂ ಕೂರಾಕಿಲ್ಲ," ಅನ್ನುತ್ತಿದ್ದರು ಅಣ್ಣ. ಜೀಪಿನಿಂದ ಇಳಿಯಕೂಡದು ಅಂತ ಕಟ್ಟಪ್ಪಣೆ. ಆದರೂ ಅವರ ಕೈ ಬಾಗಿಲ ಹಿಡಿಯ ಮೇಲೇ. ಅಲ್ಲಿನ ಡ್ರೈವರು ನಮ್ಮಿಂದ ಕಲಿತ ಮೊದಲ ಕನ್ನಡವೇ "ಅಣ್ಣಾ, ಕುಂತ್ಕೋ."

ಸಿಂಹ ಕಂಡಿತೆಂದು ಬೇರೆ ಜೀಪುಗಳೆಲ್ಲ ಓಡಿದಾಗಲೂ ನಾವು ಅಲ್ಲೇ. "ಇಷ್ಟು ದೂರ ಬಂದು ದನ ಕಾಯೋದಾ? ಇದನ್ನ ನಮ್ಮೂರ ಪಕ್ಕದ ಹಳೇಕೋಟೇಲೇ ಮಾಡ್ಬಹುದಿತ್ತು," ಅಂತ ಮನೆಯವರು ಗೊಣಗಿದರು.

ಹೊರಡುವ ದಿನ ಹತ್ತಿರವಾದಂತೆ ಅಣ್ಣನಿಗೆ ಊಟ ಸೇರದಾಯಿತು. ಸಂಜೆ ಬೆಂಕಿಯ ಸುತ್ತ ಸುಮ್ಮನೆ ಸುತ್ತುತ್ತಿದ್ದರು. ಇದೊಂದು ಸಿಗದೆ ಹೋದರೆ ಮತ್ತೆ ಬರುವ ಶಕ್ತಿ ಇಲ್ಲವೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಕಡೆಗೊಂದು ಮಧ್ಯಾಹ್ನ ಮುಂದಿದ್ದ ದನವೊಂದು ಧುಮುಕಿಯೇ ಬಿಟ್ಟಿತು. ಅದರ ಹಿಂದೆ ಎಲ್ಲವೂ. ನೀರೇ ಕಾಣದ ಹಾಗೆ ತಲೆಗಳು. ನಡುವಿನಲ್ಲಿ ಒಂದು ಕರುವಿನ ಪಕ್ಕ ಮೊಸಳೆ ಎದ್ದಿತು. ಸುತ್ತಲಿನ ಕ್ಯಾಮೆರಾಗಳೆಲ್ಲ ಅತ್ತ ತಿರುಗಿದವು. "ಅಲ್ಲಿ ಕಣ್ರೀ, ಅಲ್ಲಿ, ಹೊಡೀರಿ," ಅಂತ ಮನೆಯವರು ಅಣ್ಣನ ಭುಜ ಹಿಡಿದು ಅಲುಗಾಡಿಸಿದರು. ಅಣ್ಣನ ಲೆನ್ಸು ಆಚೆ ದಡ ಬಿಟ್ಟು ಕದಲಲಿಲ್ಲ. ಮೈಯಿಂದ ನೀರಿಳಿಸುತ್ತಾ, ಕೆಸರಿನಲ್ಲಿ ಮೊಣಕಾಲೂರಿ, ಜಾರಿ, ಮತ್ತೆ ಎದ್ದು ದಡ ಹತ್ತುತ್ತಿದ್ದವುಗಳನ್ನೇ ಒಂದೊಂದಾಗಿ ತೆಗೆದರು. ಅವರು ಅಷ್ಟು ಹೊತ್ತು ಒಂದು ಕಡೆ ಕೂತದ್ದನ್ನು ನಾನು ಅವತ್ತೇ ಕಂಡದ್ದು.

"ಮುಳುಗಿದೋರ್ನ ಬೇಕಾದಷ್ಟು ತೆಗ್ದಿವ್ನಿ ಕಣಮ್ಮ," ಅಂದರು ಆಮೇಲೆ, ನನ್ನ ಕಡೆ ನೋಡದೆ. "ದಡ ಅತ್ತಿ ಬಂದೋರು ಫೋಟೋಕ್ಕೆ ಅಂತ ನಿಲ್ಲಾಕಿಲ್ಲ. ಮನೇಗೆ ಓಡೋಯ್ತಾರೆ."

ಊರಿಗೆ ಬಂದು ಆ ಫೋಟೋವನ್ನು ಸ್ಟುಡಿಯೋ ಗೋಡೆಗೆ ದೊಡ್ಡದಾಗಿ ಹಾಕಿದರು. ಬಂದವರೆಲ್ಲ "ಮೊಸಳೆ ಎಲ್ಲಿ ಸಾ?" ಅನ್ನುವವರೇ. "ನೀರಲ್ಲೈತೆ, ಓಗಿ ನೋಡು," ಅನ್ನುತ್ತಿದ್ದರು.

ಅಣ್ಣ ತೀರಿಕೊಂಡು ಎರಡು ಮಳೆಗಾಲ ಕಳೆಯಿತು. ಸ್ಟುಡಿಯೋ ಜಾಗದಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಗೋಡೆಯ ಫೋಟೋ ತೇವ ಹಿಡಿದು ಹಾಳಾಯಿತು. ಹೊಳೆಯಲ್ಲಿ ಯಾರಾದರೂ ಹೋದರೆ ಪೊಲೀಸಿನವರು ಅವರವರ ಫೋನಿನಲ್ಲೇ ತೆಗೆದುಕೊಳ್ಳುತ್ತಾರಂತೆ...

ಅಕ್ಕ ಕತ್ತಲಾಗುತ್ತಲೇ ನಮ್ಮ ಮನೆಗೆ ಮಲಗಲು ಬರುತ್ತಾರೆ. ಇಲ್ಲೂ ನಿದ್ದೆ ಹತ್ತದೆ ಹೊರಳುತ್ತಲೇ ಇರುತ್ತಾರೆ. ಇವತ್ತು ಅವರು ದಂಟಿನ ಸೊಪ್ಪು ಬಿಡಿಸಿಕೊಡುತ್ತಾ ಕೂತಿದ್ದಾಗ ಆ ಮಧ್ಯಾಹ್ನದ್ದೆಲ್ಲ ಹೇಳಿದೆ. ಅವರಾಗಿ ಯಾವತ್ತೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಕೇಳಿ ಮುಗಿದ ಮೇಲೆ ಕೈಯಲ್ಲಿದ್ದ ದಂಟನ್ನು ಮುರಿದು ಮೊರಕ್ಕೆ ಹಾಕಿದರು.

"ಒಂದ್ಕಡೆ ಕುಂತಿದ್ರಾ?"

"ಕುಂತಿದ್ರು ಕಣಕ್ಕ."

"ನಾನೂ ಬರ್ಬೇಕಾಗಿತ್ತು," ಅಂದರು.

ಮುದ್ದೆ, ಸೊಪ್ಪಿನ ಬಸ್ಸಾರು, ಮಜ್ಜಿಗೆ. ಅಕ್ಕ ಕೇಳಿ ಇನ್ನರ್ಧ ಮುದ್ದೆ ಹಾಕಿಸಿಕೊಂಡರು. ಮನೆಯವರು ಟೀವಿಯಲ್ಲಿ ವಾರ್ತೆ ನೋಡುತ್ತಿದ್ದರು, ನಾನು ಪಾತ್ರೆ ಮಗುಚಿಡುತ್ತಿದ್ದೆ. ಮೊದಲು ನಿದ್ದೆ ಹೋದವರು ಅಕ್ಕ.