ಸೈಮಾ ಪೆಟ್ಟಿಗೆಗೆ ಮರಳಿ ಹಾಕಿದ ಕರಿ ಕಾಗದ

ತಿಕೋಟಾದ ಸೈಮಾ ವಿಜಯಪುರದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಓದುತ್ತಿದ್ದುದು ಮನಃಶಾಸ್ತ್ರ, ಜೊತೆಗೆ ಸಂಜೆ ಚಿತ್ರಕಲೆಯ ತರಗತಿ. ಬಾಯಿಂದ ಹೇಳಲಾಗದ ನೋವನ್ನು ಬಣ್ಣ, ಮಣ್ಣು, ಕಾಗದ ಹಿಡಿದು ಹೊರಗೆ ತರಲು ನೆರವಾಗುವ ಕಲಾ ಚಿಕಿತ್ಸೆ ಅವಳ ಗುರಿ. ಆದರೆ ಬಿ.ಎ. ಮುಗಿದ ಮಾತ್ರಕ್ಕೆ ಯಾರೂ ಚಿಕಿತ್ಸಕಿ ಆಗುವುದಿಲ್ಲ. ದೊಡ್ಡ ಊರಿಗೆ ಹೋಗಿ ಎಂ.ಎ. ಮಾಡಬೇಕು. ಅದಕ್ಕೆ ತಾಯಿ ಪೀರಾಂಬಿ ಒಪ್ಪಿರಲಿಲ್ಲ.

ಪೀರಾಂಬಿ ತಿಕೋಟಾದ ಶೆಡ್ಡಿನಲ್ಲಿ ನಮ್ಮ ಜೊತೆ ಮಣೂಕ, ಅಂದರೆ ಒಣದ್ರಾಕ್ಷಿ ಆರಿಸುತ್ತಾರೆ. ರಜೆಯ ದಿನ ಊಟದ ಹೊತ್ತಿಗೆ ಮಗಳು ಬುತ್ತಿ ತಂದರೆ ಸಾಕು, ಜಗಳ.

“ಬಿ.ಎಡ್. ಮಾಡ, ಸೈಮಾ. ಚಿತ್ರಾ ತಗಸಾಕ ಯಾರ ಪಗಾರ ಕೊಡ್ತಾರ?”

“ದವಾಖಾನ್ಯಾಗ ಕೊಡ್ತಾರ, ಅಮ್ಮಿ. ವಿಶೇಷ ಮಕ್ಕಳ ಸಾಲ್ಯಾಗ, ಕುಡಿತ ಬಿಡಸೋ ಕೇಂದ್ರದಾಗ...”

“ಕುಡುಕರ ಕೈಯಾಗ ಬ್ರಷ್ಯಾ? ಬಾಟ್ಲಿಗೇ ಬಣ್ಣಾ ಹಚ್ಚತಾರ ತಗೋ!”

ನಾವೆಲ್ಲ ನಕ್ಕೆವು. ಸೈಮಾಳೂ ನಕ್ಕಳು, ಆದರೆ ಬುತ್ತಿ ಬಿಚ್ಚದೆ ಹೊರಟಳು. ಸುಗ್ಗಿ ಮುಗಿಯುತ್ತಲೇ ಬಿ.ಎಡ್. ಅರ್ಜಿ ಹಾಕಬೇಕೆಂದು ತಾಯಿ ಹೇಳಿಯಾಗಿತ್ತು.

ಶನಿವಾರಗಳಂದು ಅವಳು ವಿಜಯಪುರದ ಒಂದು ಸಣ್ಣ ಆಪ್ತಸಮಾಲೋಚನಾ ಕೇಂದ್ರದಲ್ಲಿ ನಂದಾ ಮೇಡಂ ಅವರ ಕೈಕೆಳಗೆ ಕಲಿಯುತ್ತಿದ್ದಳು. ಕಾಗದ ಕತ್ತರಿಸುವುದು, ಬಣ್ಣ ಜೋಡಿಸುವುದು, ಬಂದವರ ಪಕ್ಕ ಸುಮ್ಮನೆ ಕೂಡುವುದು ಅವಳ ಕೆಲಸ. ಅಲ್ಲಿಗೆ ಕಾಖಂಡಕಿಯ ನೀಲಾಬಾಯಿ ಬರುತ್ತಿದ್ದರು. ಮಗಳು ಜ್ವರದಲ್ಲಿ ತೀರಿಕೊಂಡ ಮೇಲೆ ಅವರು ಮಾತು ಬಿಟ್ಟಿದ್ದರು. ಅಲ್ಲಿ ನಡೆದದ್ದನ್ನು ಮುಂದೆ ನಮಗೆ ಹೇಳಿದವರು ಅವರೇ.

ಬಣ್ಣದ ಕಾಗದದ ಚೂರುಗಳ ಪೆಟ್ಟಿಗೆ ಮುಂದಿಟ್ಟಾಗ ನೀಲಾಬಾಯಿ ಮಣೂಕ ಆರಿಸಿದಂತೆ ಬೆರಳಾಡಿಸಿದರು. ಹಸಿರು, ಹಳದಿಯನ್ನೆಲ್ಲ ಆಚೆ ತಳ್ಳಿ, ಕರಿ ಚೂರುಗಳನ್ನು ಮಾತ್ರ ಹತ್ತಿರ ಎಳೆದುಕೊಂಡರು. ಗಂಡ ಶಿವಶರಣಪ್ಪನವರಿಗೆ ನೋಡಲಾಗಲಿಲ್ಲ.

“ಕರೀ ಬಣ್ಣ ದುಃಖದ್ದರಿ. ಇಕಿಗೆ ಇರೂದ ಸಾಲದೇನು?” ಎಂದು ಕರಿ ಚೂರುಗಳನ್ನೆಲ್ಲ ಬಳಿದು ಅಂಗಿಯ ಕಿಸೆಗೆ ಹಾಕಿಕೊಂಡರು.

ನೀಲಾಬಾಯಿ ಕೈ ಮಡಿಲಿಗೆಳೆದುಕೊಂಡು ಕುಳಿತರು. ಮುಂದಿನ ವಾರವೂ ಹಾಗೆಯೇ. ಸೈಮಾ ಮೇಡಂ ಮುಖ ನೋಡಿದಳು. ಅವರು ಹೂಂ ಎಂಬಂತೆ ತಲೆಯಾಡಿಸಿದರು.

“ಕಾಕಾ, ಅವನ್ನ ತಿರುಗಿ ಕೊಡ್ರಿ. ಕರೀದಂದ್ರ ಏನಂತ ಅವರ ಹೇಳ್ಲಿ. ನಾವು ಹೇಳೂದು ಬ್ಯಾಡ.”

ಚೂರುಗಳು ಪೆಟ್ಟಿಗೆಗೆ ಬಂದವು. ಅಂದು ನೀಲಾಬಾಯಿ ಬಿಳಿ ಹಾಳೆಯ ನಡುವೆ ಒಂದು ಮುಷ್ಟಿಯಷ್ಟು ಕರಿ ಚೂರು ಅಂಟಿಸಿ, ಮಗಳ ಹೆಸರು ಹಿಡಿದು ಅತ್ತರು.

ಸೈಮಾ ಇದನ್ನು ಮನೆಯಲ್ಲಿ ಹೇಳಲಿಲ್ಲ. “ಅಲ್ಲಿ ಏನ ಮಾಡ್ತಿ?” ಎಂದು ತಾಯಿ ಎಷ್ಟು ಕೆಣಕಿದರೂ “ಅದು ಅಲ್ಲಿ ಬರೋರ ಮಾತು, ಅಮ್ಮಿ” ಎಂದಷ್ಟೇ ಅನ್ನುತ್ತಿದ್ದಳು. ಹೇಳಿದ್ದರೆ ತಾಯಿಯ ಮನಸ್ಸು ಆಗಲೇ ಕರಗುತ್ತಿತ್ತೇನೋ.

ಹಿಂದೆಯೂ ಶೆಡ್ಡುಗಳಲ್ಲಿ ಮಣೂಕ ಆರಿಸುತ್ತಿದ್ದ ನೀಲಾಬಾಯಿ, ಸುಗ್ಗಿ ಮುಗಿಯುವ ಮೊದಲು ನಮ್ಮ ಶೆಡ್ಡಿಗೆ ಕೆಲಸಕ್ಕೆ ಬಂದರು. ಪೀರಾಂಬಿಯ ಪಕ್ಕದಲ್ಲೇ ಕುಳಿತರು. ಸಂಜೆ, ಆರಿಸಿ ಬಿಸಾಡಿದ ಕರಿ ಮಣೂಕವನ್ನು ಸೆರಗಿನ ತುದಿಗೆ ಕಟ್ಟಿಕೊಂಡರು.

“ಕರೀವು ಯಾಕ ತಂಗಿ? ಚಲೋವು ಒಂದ ಮುಷ್ಟಿ ತಗೋ. ಮಾಲಕರು ಏನೂ ಅನ್ನೂದಿಲ್ಲ,” ಎಂದರು ಪೀರಾಂಬಿ.

“ನನ್ನ ಮಗಳಿಗೆ ಇವ ಸೇರ್ತಿದ್ವು, ಅಕ್ಕಾ. ಸಂಜಿಕ ಸೆರಗ ಬಿಚ್ಚೂತನಕಾ ಬಿಡ್ತಿರಲಿಲ್ಲ.” ನೀಲಾಬಾಯಿ ಗಂಟು ಬಿಗಿದು, ಕೇಂದ್ರದ ಕಥೆಯನ್ನೆಲ್ಲ ಹೇಳಿದರು. “ಎಲ್ಲಾರೂ ಕರೀದು ಕೆಟ್ಟದ್ದಂದ್ರು. ಒಂದ ಹುಡುಗಿ ಅಷ್ಟ ತಿರುಗಿ ತಂದಿಟ್ಲು. ಸೈಮಾ ಅಂತ. ಇದ ಊರಾಕಿ.”

ಪೀರಾಂಬಿಯ ಕೈ ಮಣೂಕದ ಮೇಲೆಯೇ ನಿಂತಿತು. ಅಷ್ಟರಲ್ಲಿ ಕಾಲೇಜಿನ ಚೀಲ ಹೊತ್ತು ಸೈಮಾ ಒಳಗೆ ಬಂದಳು.

“ನನಗ ಯಾಕ ಹೇಳಲಿಲ್ಲ?”

ಸೈಮಾ ನೀಲಾಬಾಯಿಯವರನ್ನು ನೋಡಿ, ಚೀಲ ಇಳಿಸಿ ತಾಯಿಯ ಪಕ್ಕ ಕುಳಿತಳು. ಪೀರಾಂಬಿ ಮತ್ತೆ ಆರಿಸತೊಡಗಿದರು. ತಲೆಯೆತ್ತದೆ ಕೇಳಿದರು:

“ನೀ ಹೋಗೂ ಊರಾಗ ಖಡಕ್ ರೊಟ್ಟಿ ಸಿಗತಾವೇನ, ಇಲ್ಲಾ ಇಲ್ಲಿಂದನ ಕಟ್ಟಿ ಕಳಸ್ಬೇಕೇನ?”